ಎರಡು ಜೈಲು, ಮೂರು ವಾದ

(ಉಪನ್ಯಾಸದ ಬರಹ ರೂಪ)

1943ರ ಮಾರ್ಚ್ ತಿಂಗಳು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 8, 9 ಮತ್ತು 10ನೇ ತಾರೀಖುಗಳಂದು ಐದು ಜನರನ್ನು ಗಲ್ಲಿಗೇರಿಸಲಾಯಿತು. ಅವರು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರಿನವರು. ಅದೇ ತಿಂಗಳ 29ರಂದು ಕಣ್ಣೂರಿನ ಕೇಂದ್ರ ಕಾರಾಗೃಹದಲ್ಲಿ ನಾಲ್ವರು ನೇಣಿಗೇರಿದರು. ಅವರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರಿನವರು. ಒಂದೇ ತಿಂಗಳಲ್ಲಿ ಒಂಬತ್ತು ಮಂದಿ. ಎಲ್ಲರೂ ಹಳ್ಳಿಯವರು. ಎಲ್ಲರೂ ಬ್ರಿಟಿಷರ ಆಳ್ವಿಕೆ ಕೊನೆಗಾಣಬೇಕೆಂದು ಬಯಸಿದವರು.

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಈಸೂರಿನವರು ಯಾವ ಚಳವಳಿಗಾಗಿ ಪ್ರಾಣ ಕೊಟ್ಟರೋ ಆ ಚಳವಳಿಯನ್ನು ಕಯ್ಯೂರಿನವರ ಪಕ್ಷ ಆ ಹೊತ್ತಿಗೆ ವಿರೋಧಿಸುತ್ತಿತ್ತು. ಕಯ್ಯೂರಿನವರು ಬಂಧನಕ್ಕೊಳಗಾದಾಗ ಯಾವ ಯುದ್ಧವನ್ನು ಸಾಮ್ರಾಜ್ಯಶಾಹಿಗಳ ಯುದ್ಧವೆಂದು ಅವರ ಪಕ್ಷ ಖಂಡಿಸುತ್ತಿತ್ತೋ, ಅವರು ಗಲ್ಲಿಗೇರುವ ಹೊತ್ತಿಗೆ ಅದೇ ಯುದ್ಧವನ್ನು ಜನತಾ ಯುದ್ಧವೆಂದು ಕರೆಯುತ್ತಿತ್ತು. ಹೀಗಾದುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಸಮಾಜವಾದ, ಕಮ್ಯುನಿಸಂ ಮತ್ತು ಫ್ಯಾಸಿಸಂ ಎಂಬ ಮೂರು ವಾದಗಳ ನಡುವಿನ ವ್ಯತ್ಯಾಸ ಪುಸ್ತಕದ ವ್ಯಾಖ್ಯೆಗಳಿಗಿಂತ ಚೆನ್ನಾಗಿ ಮನದಟ್ಟಾಗುತ್ತದೆ.

ಯುದ್ಧವೆಂದರೆ ಎಲ್ಲೋ ದೂರದ ಯೂರೋಪಿನ ಮಾತು, ನಮ್ಮ ಕಡೆಯ ಹಳ್ಳಿಗಳಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಮುಂದೆ ಬೆಂಗಳೂರು ಗ್ರಾಮಾಂತರ ಎನ್ನಿಸಿಕೊಂಡ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಆಗ ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಯುದ್ಧದ ಕಾಲದಲ್ಲಿ ಅಲ್ಲಿ ಮಿತ್ರಪಕ್ಷಗಳ ವಿಮಾನಗಳ ದುರಸ್ತಿ ನಡೆಯಿತು. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾದ ಮೇಲೆ ಬರ್ಮಾದ ಅಕ್ಕಿ ಬರುವುದು ನಿಂತುಹೋಯಿತು. ಗಿರಣಿಗಳು ಸೈನ್ಯಕ್ಕೆ ಬೇಕಾದ ಬಟ್ಟೆಯತ್ತ ತಿರುಗಿದಾಗ ದೇಶದ ಕೈಮಗ್ಗದವರಿಗೆಲ್ಲ ನೂಲಿನ ಅಭಾವ ಬಂತು. 1943ರಲ್ಲಿ ಭಾರತ ಸರ್ಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆ ಹೊರಡಿಸಿತು. ದೊಡ್ಡಬಳ್ಳಾಪುರದಂಥ ಮಗ್ಗದ ಊರಿಗೆ ಯುದ್ಧ ಬಂದದ್ದು ತುಪಾಕಿಯ ರೂಪದಲ್ಲಲ್ಲ, ಇಂಥ ಅಭಾವಗಳ ರೂಪದಲ್ಲಿ.

ಮುಸೊಲಿನಿಯ ಸೈನಿಕರೂ ಈ ಕಡೆಗೆ ಬಂದಿದ್ದರು, ಆದರೆ ಕೈದಿಗಳಾಗಿ. ಅವರ ಮಾತು ಮುಂದೆ ಬರುತ್ತದೆ. ಮೊದಲು ಪದಗಳ ವಿಚಾರ.

ಮೂರು ಪದಗಳ ಹುಟ್ಟು

ಸಮಾಜವಾದ ಮೂರರಲ್ಲಿ ಹಿರಿಯದು. ಭೂಮಿ, ಕಾರ್ಖಾನೆ, ಗಣಿಗಳಂಥ ಉತ್ಪಾದನೆಯ ಸಾಧನಗಳು ಕೆಲವರ ಸ್ವತ್ತಾಗಿರುವುದರಿಂದಲೇ ಬಡತನ ಉಳಿದಿದೆ, ಅವು ಸಮಾಜದ ಹಿಡಿತಕ್ಕೆ ಬರಬೇಕು ಎಂಬುದು ಅದರ ತಿರುಳು. ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನ ಕಾರ್ಖಾನೆಗಳ ಹೊಗೆಯ ನಡುವೆ ಅದು ಬೆಳೆಯಿತು. ಮಾರ್ಕ್ಸ್ ಮತ್ತು ಏಂಗೆಲ್ಸ್ 1848ರಲ್ಲಿ ಕಮ್ಯುನಿಸ್ಟ್ ಪ್ರಣಾಳಿಕೆ ಬರೆದರು. ಆದರೂ ಮುಂದಿನ ಹಲವು ದಶಕಗಳ ಕಾಲ ಸಮಾಜವಾದಿ, ಕಮ್ಯುನಿಸ್ಟ್ ಎಂಬ ಎರಡು ಹೆಸರುಗಳ ನಡುವೆ ಗಟ್ಟಿಯಾದ ಗೋಡೆ ಇರಲಿಲ್ಲ. ಲೆನಿನ್ ಕೂಡ ಮೊದಲು ರಷ್ಯದ ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷದವರೇ.

ಗೋಡೆ ಎದ್ದದ್ದು 1914ರಲ್ಲಿ, ಮೊದಲ ಮಹಾಯುದ್ಧ ಆರಂಭವಾದಾಗ. ಯುದ್ಧ ಬಂದರೆ ಎಲ್ಲ ದೇಶಗಳ ಕಾರ್ಮಿಕರೂ ಒಟ್ಟಾಗಿ ತಡೆಯಬೇಕೆಂದು ಯೂರೋಪಿನ ಸಮಾಜವಾದಿ ಪಕ್ಷಗಳು ಸಮ್ಮೇಳನಗಳಲ್ಲಿ ನಿರ್ಣಯ ಮಾಡಿದ್ದವು. ಯುದ್ಧ ನಿಜವಾಗಿ ಬಂದಾಗ ನಡೆದದ್ದೇ ಬೇರೆ. ಯುದ್ಧ ತಡೆಯಲು ಹೆಣಗಿದ ಫ್ರಾನ್ಸಿನ ಸಮಾಜವಾದಿ ನಾಯಕ ಜಾನ್ ಜೋರೆಸ್ ಜುಲೈ 31ರಂದು ಪ್ಯಾರಿಸಿನಲ್ಲಿ ಗುಂಡಿಗೆ ಬಲಿಯಾದರು. ನಾಲ್ಕು ದಿನಗಳ ನಂತರ, ಆಗಸ್ಟ್ 4ರಂದು, ಜರ್ಮನಿಯ ಸಮಾಜವಾದಿಗಳು ಪಾರ್ಲಿಮೆಂಟಿನಲ್ಲಿ ಯುದ್ಧದ ಸಾಲಕ್ಕೆ ಕೈ ಎತ್ತಿದರು. ಡಿಸೆಂಬರ್‌ನಲ್ಲಿ ಎರಡನೇ ಬಾರಿ ಮತಕ್ಕೆ ಹಾಕಿದಾಗ ‘ಇಲ್ಲ’ ಎಂದವರು ಕಾರ್ಲ್ ಲೀಬ್‌ನೆಕ್ಟ್ ಒಬ್ಬರೇ.

ಲೆನಿನ್ ಇದನ್ನು ದ್ರೋಹವೆಂದರು. ದೊರೆಗಳ ಯುದ್ಧವನ್ನು ದೊರೆಗಳ ವಿರುದ್ಧದ ಯುದ್ಧವಾಗಿ ತಿರುಗಿಸಬೇಕು ಎಂಬುದು ಅವರ ವಾದ. 1917ರ ರಷ್ಯದ ಕ್ರಾಂತಿ ಆ ದಾರಿಯಲ್ಲೇ ನಡೆಯಿತು. ಮರುವರ್ಷ ಅವರ ಪಕ್ಷ ಸಮಾಜವಾದಿಗಳಿಂದ ಬೇರೆ ಎಂದು ತೋರಿಸಲೆಂದೇ ಕಮ್ಯುನಿಸ್ಟ್ ಎಂಬ ಹೆಸರು ಇಟ್ಟುಕೊಂಡಿತು. ಮತಪೆಟ್ಟಿಗೆ ಮತ್ತು ಶಾಸನದ ಮೂಲಕ ಹೋಗುವವರು ಒಂದು ಕಡೆಯಾದರು. ಶಿಸ್ತಿನ ಪಕ್ಷವೊಂದು ಅಧಿಕಾರ ಹಿಡಿದು ಸಮಾಜವನ್ನು ಬದಲಿಸಬೇಕೆನ್ನುವವರು ಇನ್ನೊಂದು ಕಡೆಯಾದರು.

ಮೂರನೆಯ ಕವಲೂ ಅದೇ ಯುದ್ಧದಲ್ಲಿ ಒಡೆಯಿತು. ಬೆನಿಟೊ ಮುಸೊಲಿನಿ ಮೊದಲು ಸಮಾಜವಾದಿ. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿ ಹೋದಾಗ ಅದನ್ನು ವಿರೋಧಿಸಿ ಜೈಲಿಗೆ ಹೋದವನು. ಸಮಾಜವಾದಿ ಪಕ್ಷದ ಪತ್ರಿಕೆಯ ಸಂಪಾದಕನಾಗಿದ್ದವನು. 1914ರಲ್ಲಿ ಆತ ಇಟಲಿ ಯುದ್ಧಕ್ಕೆ ಇಳಿಯಲೇಬೇಕೆಂದು ಬರೆಯತೊಡಗಿದ. ಪಕ್ಷ ಅವನನ್ನು ಹೊರಹಾಕಿತು. 1919ರ ಮಾರ್ಚ್‌ನಲ್ಲಿ ಮಿಲಾನ್ ನಗರದಲ್ಲಿ ತನ್ನದೇ ಸಂಘಟನೆ ಕಟ್ಟಿದ. ಇಟಲಿಯ ಭಾಷೆಯಲ್ಲಿ ‘ಫ್ಯಾಶಿಯೊ’ ಎಂದರೆ ಕಟ್ಟು. ಹಿಂದೆ ರೋಮಿನಲ್ಲಿ ಅಧಿಕಾರಿಗಳ ಮುಂದೆ ಕೋಲುಗಳ ಕಟ್ಟಿನೊಳಗೆ ಕೊಡಲಿ ಸಿಕ್ಕಿಸಿ ಹಿಡಿದು ನಡೆಯುತ್ತಿದ್ದರು. ಒಂಟಿ ಕೋಲು ಮುರಿಯುತ್ತದೆ, ಕಟ್ಟು ಮುರಿಯುವುದಿಲ್ಲ ಎಂಬ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಫ್ಯಾಸಿಸಂ ಆ ಕಥೆಯ ಒಗ್ಗಟ್ಟನ್ನು ಎತ್ತಿ ಹಿಡಿಯಿತು. ಜೊತೆಗೆ ಕೊಡಲಿಯನ್ನೂ ಹಿಡಿಯಿತು.

ಯುದ್ಧವೆಂಬ ಒರೆಗಲ್ಲು

ಹೀಗೆ ಮೂರೂ ವಾದಗಳು ಯುದ್ಧದ ಪ್ರಶ್ನೆಯ ಮೇಲೆಯೇ ಬೇರೆಯಾದವು. ಆದ್ದರಿಂದ ಇವನ್ನು ಹೋಲಿಸಲು ಯುದ್ಧವೇ ತಕ್ಕ ಒರೆಗಲ್ಲು.

ಸಮಾಜವಾದಿಗೆ ಯುದ್ಧವೆಂದರೆ ಒಂದು ಸೋಲು. ತಪ್ಪಿಸಬೇಕಾದದ್ದು ತಪ್ಪದೆ ಬಂದಾಗ ಅದರ ಭಾರ ಬಡವರ ಮೇಲೆ ಮಾತ್ರ ಬೀಳದಂತೆ ನೋಡಿಕೊಳ್ಳಬೇಕು ಎನ್ನುವುದು ಆತನ ನಿಲುವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ 1940ರ ಮೇ ತಿಂಗಳಲ್ಲಿ ಚರ್ಚಿಲ್ ಸರ್ಕಾರ ಸೇರಿತು. ಯುದ್ಧದ ನಡುವೆಯೇ, 1942ರ ಡಿಸೆಂಬರ್‌ನಲ್ಲಿ, ಕಾಯಿಲೆ, ನಿರುದ್ಯೋಗ, ಮುಪ್ಪುಗಳಿಗೆ ವಿಮೆ ಕೊಡುವ ಬೆವರಿಜ್ ವರದಿ ಪ್ರಕಟವಾಯಿತು. 1945ರಲ್ಲಿ ಯುದ್ಧ ಗೆದ್ದುಕೊಟ್ಟ ಚರ್ಚಿಲರನ್ನು ಮತದಾರರು ಕೆಳಗಿಳಿಸಿ ಲೇಬರ್ ಪಕ್ಷದ ಅಟ್ಲಿಯವರನ್ನು ಕೂರಿಸಿದರು. ಆದರೆ ಸ್ವದೇಶದ ಕಾರ್ಮಿಕನಿಗೆ ಹೀಗೆ ಭರವಸೆ ಕೊಟ್ಟ ಸರ್ಕಾರವೇ ಭಾರತದಲ್ಲಿ ಸ್ವಾತಂತ್ರ್ಯ ಕೇಳಿದವರನ್ನು ಜೈಲಿಗೆ ತಳ್ಳುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಕಮ್ಯುನಿಸ್ಟನಿಗೆ ಎಲ್ಲ ಯುದ್ಧವೂ ಒಂದೇ ಅಲ್ಲ. ಯಾವ ವರ್ಗದ ಹಿತಕ್ಕೆ ನಡೆಯುತ್ತಿದೆ ಎಂಬುದರ ಮೇಲೆ ಯುದ್ಧದ ಗುಣ ನಿರ್ಧಾರವಾಗುತ್ತದೆ ಎಂಬುದು ಆ ಸಿದ್ಧಾಂತ. ಕೇಳಲು ಇದು ಸರಳ. ಆದರೆ ರಷ್ಯದಲ್ಲಿ ಕಾರ್ಮಿಕರ ರಾಜ್ಯ ಸ್ಥಾಪನೆಯಾಗಿದೆ ಎಂದು ಒಪ್ಪಿದ ಮೇಲೆ ಆ ರಾಜ್ಯದ ಹಿತವೇ ಲೋಕದ ಕಾರ್ಮಿಕರ ಹಿತ ಎನ್ನುವಲ್ಲಿಗೆ ಮಾತು ಬಂದು ನಿಂತಿತು. 1939ರ ಆಗಸ್ಟ್ 23ರಂದು ಸ್ಟಾಲಿನ್ ಸರ್ಕಾರ ಹಿಟ್ಲರನೊಂದಿಗೆ ಆಕ್ರಮಣ ಮಾಡದಿರುವ ಒಪ್ಪಂದ ಮಾಡಿಕೊಂಡಿತು. ಲೋಕದ ಕಮ್ಯುನಿಸ್ಟ್ ಪಕ್ಷಗಳು ಎರಡೂ ಕಡೆಯವರು ಸಾಮ್ರಾಜ್ಯಶಾಹಿಗಳೇ ಎಂದವು. 1941ರ ಜೂನ್ 22ರಂದು ಹಿಟ್ಲರ್ ರಷ್ಯದ ಮೇಲೆ ನುಗ್ಗಿದ. ಅದೇ ಪಕ್ಷಗಳು ಈಗ ಇದು ಜನತೆಯ ಯುದ್ಧ ಎಂದವು. ಆ ಯುದ್ಧದಲ್ಲಿ ಸೋವಿಯತ್ ಜನ ತೆತ್ತ ಬೆಲೆ ಸುಮಾರು 2 ಕೋಟಿ 70 ಲಕ್ಷ ಪ್ರಾಣಗಳು. ಹಿಟ್ಲರನ ಸೈನ್ಯದ ಬೆನ್ನು ಮುರಿದದ್ದು ಮುಖ್ಯವಾಗಿ ಆ ನೆಲದ ಮೇಲೆ. ಇದನ್ನು ಯಾವ ಟೀಕಾಕಾರನೂ ಅಲ್ಲಗಳೆಯಲಾರ.

ಫ್ಯಾಸಿಸ್ಟನಿಗೆ ಯುದ್ಧ ಸೋಲೂ ಅಲ್ಲ, ಸಾಧನವೂ ಅಲ್ಲ, ಅದೇ ಗುರಿ. ಯುದ್ಧ ಜನಾಂಗವನ್ನು ಗಟ್ಟಿಮಾಡುತ್ತದೆ, ಶಾಂತಿ ಮೆತ್ತಗಾಗಿಸುತ್ತದೆ ಎಂದು ಅದು ಬಹಿರಂಗವಾಗಿಯೇ ಹೇಳಿತು. ಮಾಲೀಕ ಮಾಲೀಕನಾಗಿಯೇ ಉಳಿದ, ಕೂಲಿಯವನು ಕೂಲಿಯವನಾಗಿಯೇ ಉಳಿದ. ಮುಷ್ಕರ ಮಾತ್ರ ಅಪರಾಧವಾಯಿತು. ಇಟಲಿಯ ಸಮಾಜವಾದಿ ಸಂಸದ ಮತ್ತೆಯೊತ್ತಿ 1924ರಲ್ಲಿ ಕೊಲೆಯಾದರು. ಕಮ್ಯುನಿಸ್ಟ್ ಚಿಂತಕ ಗ್ರಾಮ್ಷಿ 1926ರಲ್ಲಿ ಸೆರೆಯಾಗಿ 1937ರಲ್ಲಿ ತೀರಿಕೊಂಡರು. 1935ರಲ್ಲಿ ಇಟಲಿ ಇಥಿಯೋಪಿಯದ ಮೇಲೆ ಬಿದ್ದಿತು. ಜರ್ಮನಿಯ ನಾಜಿಗಳು ಇದಕ್ಕೆ ಜನಾಂಗ ದ್ವೇಷವನ್ನು ಬೆರೆಸಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು.

ನಾಜಿ ಪಕ್ಷದ ಹೆಸರಿನಲ್ಲಿ ‘ಸಮಾಜವಾದಿ’ ಎಂಬ ಪದ ಇತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಹೆಸರಿಗಿಂತ ನಡತೆ ನೋಡಬೇಕು. 1933ರ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಮಸೂದೆ ಬಂದಾಗ ವಿರುದ್ಧ ಮತ ಹಾಕಿದವರು ಸಮಾಜವಾದಿಗಳು ಮಾತ್ರ. ಕಮ್ಯುನಿಸ್ಟ್ ಸದಸ್ಯರಿಗೆ ಸಭೆಗೆ ಬರಲು ಅವಕಾಶವನ್ನೇ ಕೊಟ್ಟಿರಲಿಲ್ಲ. ಅದೇ ವಾರ ತೆರೆದ ಡಾಖಾವ್ ಶಿಬಿರಕ್ಕೆ ಮೊದಲು ಹೋದವರು ಈ ಎರಡು ಪಕ್ಷಗಳವರೇ. ಅದಕ್ಕೆ ಮುಂಚಿನ ಐದು ವರ್ಷ ಕಮ್ಯುನಿಸ್ಟರು ಸಮಾಜವಾದಿಗಳನ್ನೇ ಫ್ಯಾಸಿಸ್ಟರ ಸೋದರರೆಂದು ಬೈಯುತ್ತಿದ್ದರು. ನಿಜವಾದ ಫ್ಯಾಸಿಸ್ಟರು ಬಂದಾಗ ಬೈದವರೂ ಬೈಸಿಕೊಂಡವರೂ ಒಂದೇ ಬೇಲಿಯೊಳಗಾದರು.

ಹಾಗೆಂದು ಸ್ಟಾಲಿನ್ ಕಾಲದ ರಷ್ಯಕ್ಕೂ ಫ್ಯಾಸಿಸ್ಟ್ ರಾಜ್ಯಗಳಿಗೂ ಹೋಲಿಕೆಯೇ ಇಲ್ಲ ಎನ್ನಲಾಗದು. ಒಂದೇ ಪಕ್ಷ, ಗುಪ್ತ ಪೊಲೀಸು, ಶಿಬಿರಗಳು, ಪ್ರಶ್ನಿಸಿದವನು ದ್ರೋಹಿ ಎಂಬ ನಿಯಮ, ಇವು ಅಲ್ಲಿಯೂ ಇದ್ದವು. 1937 ಮತ್ತು 1938ರ ಹತ್ಯಾಕಾಂಡದಲ್ಲಿ ಸ್ವಂತ ಪಕ್ಷದ ಹಿರಿಯರನ್ನೇ ಸ್ಟಾಲಿನ್ ಮುಗಿಸಿದ. ಕಮ್ಯುನಿಸಂನ ಗುರಿ ಸಮಾನತೆ, ಫ್ಯಾಸಿಸಂನ ಗುರಿ ಮೇಲು ಕೀಳಿನ ವ್ಯವಸ್ಥೆ. ಗುರಿಯಲ್ಲಿ ಹಗಲು ರಾತ್ರಿಯ ಅಂತರ. ಆದರೆ ದಾರಿಯಲ್ಲಿ ಸಿಕ್ಕಿ ನರಳಿದವನಿಗೆ ಆ ಅಂತರ ಕಾಣುವುದು ಕಷ್ಟ.

ಭಾರತದ ಇಕ್ಕಟ್ಟು

ಈಗ ನಮ್ಮ ದೇಶಕ್ಕೆ ಬರೋಣ. ಲಂಡನ್ನಿನಲ್ಲಾಗಲಿ ಮಾಸ್ಕೋದಲ್ಲಾಗಲಿ ಇಲ್ಲದ ಒಂದು ಇಕ್ಕಟ್ಟು ಇಲ್ಲಿತ್ತು. ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದ ಬ್ರಿಟನ್ನೇ ನಮ್ಮನ್ನು ಆಳುತ್ತಿದ್ದ ದೇಶ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್ಲಿತ್‌ಗೋ ಯಾವ ಭಾರತೀಯ ನಾಯಕರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಪ್ರಜಾಪ್ರಭುತ್ವಕ್ಕಾಗಿ ನಡೆಯುವ ಯುದ್ಧಕ್ಕೆ ನಲವತ್ತು ಕೋಟಿಗೆ ಹತ್ತಿರದ ಜನರನ್ನು ಹೇಳದೆ ಕೇಳದೆ ಸೇರಿಸಿಕೊಂಡಂತಾಯಿತು.

ಇದಕ್ಕೆ ನಾಲ್ಕು ಬಗೆಯ ಉತ್ತರಗಳು ಬಂದವು. ನೆಹರೂ ಫ್ಯಾಸಿಸಂನ ಕಡು ವಿರೋಧಿ. 1936ರಲ್ಲಿ ರೋಮ್ ಮೂಲಕ ಬರುವಾಗ ಮುಸೊಲಿನಿ ಭೇಟಿಗೆ ಕರೆದರೂ ಹೋಗದವರು, 1938ರಲ್ಲಿ ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಹೋಗಿ ಬಂದವರು. ಸ್ವತಂತ್ರ ಭಾರತ ಫ್ಯಾಸಿಸಂ ವಿರುದ್ಧ ಹೋರಾಡುತ್ತದೆ, ಗುಲಾಮ ಭಾರತ ಹೋರಾಡಲಾರದು ಎಂಬುದು ಅವರ ಮತ್ತು ಕಾಂಗ್ರೆಸ್ಸಿನ ನಿಲುವಾಯಿತು. ಕಾಂಗ್ರೆಸ್ಸಿನೊಳಗೆ 1934ರಲ್ಲಿ ಸಮಾಜವಾದಿ ಪಕ್ಷ ಕಟ್ಟಿದ್ದ ಜಯಪ್ರಕಾಶ ನಾರಾಯಣ, ಲೋಹಿಯಾ ಮೊದಲಾದವರು ಹೊಂದಾಣಿಕೆಗೆ ಒಪ್ಪಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಆ ಪಕ್ಷದ ಮುಂಚೂಣಿಯಲ್ಲಿದ್ದವರು. ಕಮ್ಯುನಿಸ್ಟರು 1941ರ ಕೊನೆಯವರೆಗೂ ಯುದ್ಧ ವಿರೋಧಿಗಳು, ಆಮೇಲೆ ಬೆಂಬಲಿಗರು. ನಾಲ್ಕನೆಯವರು ಸುಭಾಷ್‌ಚಂದ್ರ ಬೋಸ್. ಅವರು 1941ರಲ್ಲಿ ಬರ್ಲಿನ್ನಿಗೆ, 1943ರಲ್ಲಿ ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೋಗಿ ಶತ್ರುವಿನ ಶತ್ರು ಮಿತ್ರ ಎಂಬ ದಾರಿ ಹಿಡಿದರು. ಅವರನ್ನು ಫ್ಯಾಸಿಸ್ಟ್ ಎಂದು ಕರೆಯುವುದು ಅನ್ಯಾಯ. ಆದರೆ ಅವರು ನೆರವು ಕೇಳಿದ ಶಕ್ತಿಗಳು ಎಂಥವು ಎಂಬುದನ್ನು ಮುಚ್ಚಿಡುವುದೂ ಇತಿಹಾಸಕ್ಕೆ ಮಾಡುವ ಅನ್ಯಾಯವೇ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಚಲೇಜಾವ್’ ನಿರ್ಣಯವಾಯಿತು. ಬೆಳಗಾಗುವುದರೊಳಗೆ ಗಾಂಧೀಜಿ, ನೆಹರೂ ಸೇರಿ ನಾಯಕರೆಲ್ಲ ಸೆರೆಯಾದರು. ಚಳವಳಿಯನ್ನು ಭೂಗತವಾಗಿ ನಡೆಸುವ ಹೊಣೆ ಬಹುಮಟ್ಟಿಗೆ ಸಮಾಜವಾದಿಗಳ ಹೆಗಲಿಗೆ ಬಿತ್ತು. ಅದಕ್ಕೆ ಎರಡು ವಾರ ಮುಂಚೆ, ಜುಲೈ ಕೊನೆಯಲ್ಲಿ, ಸರ್ಕಾರ ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧ ತೆಗೆದಿತ್ತು. ನಿನ್ನೆಯವರೆಗೂ ಒಂದೇ ಪಕ್ಷದೊಳಗೆ ಕುಳಿತಿದ್ದವರು ಈಗ ಎದುರುಬದುರಾದರು. ಒಬ್ಬರು ಕಾರ್ಖಾನೆ ನಿಲ್ಲಿಸಿ ಎಂದರೆ ಇನ್ನೊಬ್ಬರು ಕಾರ್ಖಾನೆ ನಡೆಸಿ ಎಂದರು.

ಈಸೂರು

ಮೈಸೂರು ಸಂಸ್ಥಾನದಲ್ಲಿ ಆಳುತ್ತಿದ್ದವರು ಮಹಾರಾಜರು. ಹಾಗಾಗಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗು ಇಲ್ಲಿಗೆ ಹೇಗೆ ಹೊಂದುತ್ತದೆ ಎಂಬ ಪ್ರಶ್ನೆ ಇತ್ತು. ಜನ ಆ ಪ್ರಶ್ನೆಗೆ ಕಾಯಲಿಲ್ಲ. ಬೆಂಗಳೂರಿನ ಗಿರಣಿಗಳಲ್ಲಿ ಮುಷ್ಕರ ನಡೆಯಿತು. ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದ ಹಾರೋಹಳ್ಳಿಯಲ್ಲಿ ಹುಟ್ಟಿದ ಎಚ್.ಎಸ್. ದೊರೆಸ್ವಾಮಿ ಎಂಬ ತರುಣ ಶಿಕ್ಷಕರು ಅಂಚೆಪೆಟ್ಟಿಗೆ ಮತ್ತು ಸರ್ಕಾರಿ ದಾಖಲೆ ಕೋಣೆಗಳಲ್ಲಿ ಕಾಗದ ಸುಡುವಷ್ಟೇ ಶಕ್ತಿಯ ಸಣ್ಣ ಬಾಂಬುಗಳನ್ನು ಇಡುವ ಕೆಲಸದಲ್ಲಿ ತೊಡಗಿದರು. ಡಿಸೆಂಬರ್‌ನಲ್ಲಿ ಬಂಧಿತರಾಗಿ 14 ತಿಂಗಳು ಬೆಂಗಳೂರು ಜೈಲಿನಲ್ಲಿ ಕಳೆದರು.

ಈಸೂರಿನವರು ಇನ್ನೂ ಮುಂದೆ ಹೋದರು. 1942ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಊರಿನ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ಕಂದಾಯ ಕೊಡುವುದಿಲ್ಲ, ನಾವು ಸ್ವತಂತ್ರರು ಎಂದು ಸಾರಿದರು. ತಮ್ಮದೇ ಸರ್ಕಾರ ಮಾಡಿಕೊಂಡು ಊರಿನ ಹುಡುಗರಿಬ್ಬರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಆ ದಿನಗಳಿಂದ ಉಳಿದು ಬಂದಿದೆ. ಸೆಪ್ಟೆಂಬರ್ 28ರಂದು ಅಧಿಕಾರಿಗಳು ಪೊಲೀಸರೊಡನೆ ಬಂದಾಗ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರು ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. ನಂತರ ಊರಿನ ಮೇಲೆ ದಾಳಿಯಾಯಿತು, ಮನೆಗಳು ಲೂಟಿಯಾದವು, ಸುಟ್ಟುಹೋದವು. ಮೂವರು ಹೆಂಗಸರೂ ಸೇರಿ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ ಮತ್ತು ಶಂಕರಪ್ಪ ಅವರಿಗೆ ಗಲ್ಲು.

ಕಯ್ಯೂರು

ಕಯ್ಯೂರಿನ ಕಥೆ ಒಂದೂವರೆ ವರ್ಷ ಹಿಂದಿನದು. ಜಮೀನ್ದಾರರ ಅಕ್ರಮ ವಸೂಲಿಗಳ ವಿರುದ್ಧ ಅಲ್ಲಿ ರೈತ ಸಂಘ ಬೆಳೆದಿತ್ತು. ಅದನ್ನು ಕಟ್ಟಿದ ಕೇರಳದ ಕಾಂಗ್ರೆಸ್ ಸಮಾಜವಾದಿಗಳು 1939ರ ಕೊನೆಯ ಹೊತ್ತಿಗೆ ಬಹುಪಾಲು ಇಡಿಯಾಗಿ ಕಮ್ಯುನಿಸ್ಟರಾಗಿದ್ದರು. ಆಗ ಪಕ್ಷ ನಿಷೇಧಿತ, ಯುದ್ಧ ಸಾಮ್ರಾಜ್ಯಶಾಹಿ ಯುದ್ಧ. 1941ರ ಮಾರ್ಚ್ 28ರಂದು ಬಂಧನಗಳನ್ನು ವಿರೋಧಿಸಿ ಹೊರಟ ಮೆರವಣಿಗೆಗೆ ಪೊಲೀಸ್ ಪೇದೆಯೊಬ್ಬ ಎದುರಾದ. ಜನ ಬೆನ್ನಟ್ಟಿದಾಗ ಹೊಳೆಗೆ ಹಾರಿದ ಆತ ಕಲ್ಲೇಟುಗಳ ನಡುವೆ ಮುಳುಗಿ ಸತ್ತ. ಅರವತ್ತರಷ್ಟು ಜನರ ಮೇಲೆ ಮೊಕದ್ದಮೆಯಾಯಿತು. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. ಆರೋಪಿಗಳಲ್ಲಿ ಒಬ್ಬರಾಗಿದ್ದ, ತಲೆಮರೆಸಿಕೊಂಡ ಇ.ಕೆ. ನಾಯನಾರ್ ಮುಂದೆ ಮೂರು ಬಾರಿ ಕೇರಳದ ಮುಖ್ಯಮಂತ್ರಿಯಾದರು. ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರಿಗೆ ಗಲ್ಲು ಖಾಯಂ ಆಯಿತು. ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಇನ್ನೂ ಹುಡುಗನೆಂದು ಜೀವಾವಧಿಗೆ ಇಳಿಯಿತು.

ಅವರು ಜೈಲಿನಲ್ಲಿದ್ದ ಎರಡು ವರ್ಷಗಳಲ್ಲಿ ಹೊರಗೆ ಪಕ್ಷದ ನಿಲುವು ತಿರುಗಿತು. ಪಕ್ಷ ಕಾನೂನುಬದ್ಧವಾಯಿತು. ಕಾರ್ಯದರ್ಶಿ ಪಿ.ಸಿ. ಜೋಶಿ ಕಣ್ಣೂರಿಗೆ ಬಂದು ಈ ನಾಲ್ವರನ್ನು ಜೈಲಿನಲ್ಲಿ ಕಂಡರು. ಅವರ ಜೀವ ಉಳಿಸಲು ಪಕ್ಷ ಶ್ರಮಿಸಿತು ಎಂಬುದು ನಿಜ. ಆದರೆ ಸರ್ಕಾರಕ್ಕೆ ಯುದ್ಧದಲ್ಲಿ ಪಕ್ಷದ ಸಹಕಾರ ಬೇಕಾಗಿತ್ತೇ ಹೊರತು ನಾಲ್ವರು ರೈತ ಯುವಕರ ಜೀವ ಬೇಕಾಗಿರಲಿಲ್ಲ. ನೇಣು ತಪ್ಪಲಿಲ್ಲ.

ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈಸೂರಿನ ರೈತನಿಗೂ ಕಯ್ಯೂರಿನ ರೈತನಿಗೂ ಬೇಕಾದದ್ದರಲ್ಲಿ ದೊಡ್ಡ ಅಂತರ ಇರಲಿಲ್ಲ. ಕಂದಾಯದ, ವಸೂಲಿಯ ಭಾರ ಇಳಿಯಬೇಕು, ಪೊಲೀಸಿನವನ ಮುಂದೆ ತಲೆ ಎತ್ತಿ ನಿಲ್ಲಬೇಕು. ಅಂತರ ಇದ್ದದ್ದು ಅವರ ಪರವಾಗಿ ಮಾತಾಡಿದ ವಾದಗಳಲ್ಲಿ. ಲೋಕದ ದೃಷ್ಟಿಯಿಂದ ಕಮ್ಯುನಿಸ್ಟರ ಲೆಕ್ಕ ಪೂರ್ತಿ ತಪ್ಪಲ್ಲ. ಹಿಟ್ಲರ್ ಗೆದ್ದಿದ್ದರೆ ಭಾರತಕ್ಕೆ ಒಳಿತಾಗುತ್ತಿರಲಿಲ್ಲ. ಊರಿನ ದೃಷ್ಟಿಯಿಂದ ಸಮಾಜವಾದಿಗಳ ಲೆಕ್ಕವೂ ತಪ್ಪಲ್ಲ. 1943ರಲ್ಲಿ ಸುಮಾರು 30 ಲಕ್ಷ ಜನ ಹಸಿವು ರೋಗಗಳಿಂದ ಸತ್ತ ಬಂಗಾಳದ ಕ್ಷಾಮ ಬಂದದ್ದು ಹಿಟ್ಲರನ ಆಳ್ವಿಕೆಯಲ್ಲಲ್ಲ. ತಪ್ಪಿದ್ದು ಎಲ್ಲಿ ಎಂದರೆ, ದೂರದಲ್ಲಿ ತೀರ್ಮಾನವಾದ ನಿಲುವನ್ನು ಇಲ್ಲಿಯವರು ಪ್ರಶ್ನೆ ಮಾಡದೆ ಒಪ್ಪಬೇಕೆಂದಾಗ.

ಬೇಲಿಯೊಳಗಿನ ಇಟಲಿ

ಇನ್ನು ಮೊದಲೇ ಹೇಳಿದ ಕೈದಿಗಳ ಮಾತು. 1940 ಮತ್ತು 1941ರಲ್ಲಿ ಉತ್ತರ ಆಫ್ರಿಕಾ ಮತ್ತು ಇಥಿಯೋಪಿಯ ಕಡೆಯ ಕಾಳಗಗಳಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಇಟಲಿಯ ಸೈನಿಕರಲ್ಲಿ ಹತ್ತಾರು ಸಾವಿರ ಜನರನ್ನು ಹಡಗಿನಲ್ಲಿ ಭಾರತಕ್ಕೆ ತರಲಾಯಿತು. ಹಿಮಾಲಯದ ಯೋಲ್, ಡೆಹ್ರಾಡೂನ್, ಭೋಪಾಲ್‌ಗಳ ಜೊತೆಗೆ ಬೆಂಗಳೂರಿನ ಸುತ್ತಲೂ ಅವರಿಗಾಗಿ ಶಿಬಿರಗಳು ಎದ್ದವು. ನೆಲಮಂಗಲದ ದಾರಿಯ ಪಕ್ಕಕ್ಕಿರುವ ಜಾಲಹಳ್ಳಿಯ ಹೆಸರು ಇಂದಿಗೂ ಆ ನೆನಪಿನೊಂದಿಗೆ ಬೆಸೆದುಕೊಂಡಿದೆ.

ಜಗತ್ತನ್ನು ಗೆಲ್ಲುವ ಜನಾಂಗ ನಾವು ಎಂದು ಇಪ್ಪತ್ತು ವರ್ಷ ಕೇಳಿಸಿಕೊಂಡು ಬೆಳೆದವರು ಮುಳ್ಳುತಂತಿಯ ಬೇಲಿಯ ಹಿಂದೆ, ರಾಗಿ ಬೆಳೆಯುವ ನಾಡಿನ ನಡುವೆ ದಿನ ಎಣಿಸಿದರು. 1943ರ ಜುಲೈಯಲ್ಲಿ ಮುಸೊಲಿನಿ ಅಧಿಕಾರ ಕಳೆದುಕೊಂಡ. ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಯಿತು. ಆಗ ಭಾರತದ ಶಿಬಿರಗಳಲ್ಲಿದ್ದ ಕೈದಿಗಳನ್ನು ಮಿತ್ರಪಕ್ಷಗಳೊಡನೆ ಸಹಕರಿಸುವಿರಾ ಎಂದು ಕೇಳಲಾಯಿತು. ಕೆಲವರು ಒಪ್ಪಿದರು, ಕೆಲವರು ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪದವರನ್ನು ಬೇರೆ ಇಟ್ಟರು. ನಾಯಕನಿಲ್ಲದ ಮೇಲೂ ನಾಯಕನಿಗೆ ನಿಷ್ಠೆ ಉಳಿಯುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಪ್ರಶ್ನಿಸುವ ಅಭ್ಯಾಸವನ್ನು ಎಳವೆಯಲ್ಲೇ ಕಿತ್ತುಹಾಕಿದರೆ ಅದು ಬೇಲಿಯೊಳಗೂ ಬೇಲಿಯ ಹೊರಗೂ ಮತ್ತೆ ಸುಲಭವಾಗಿ ಚಿಗುರುವುದಿಲ್ಲ.

ಯುದ್ಧ ಮುಗಿದ ಮೇಲೆ

ಕನ್ನಡ ನಾಡಿನಲ್ಲಿ ಈ ವಾದಗಳು ಯುದ್ಧದೊಂದಿಗೆ ಮುಗಿಯಲಿಲ್ಲ. ಕಮ್ಯುನಿಸ್ಟ್ ಚಳವಳಿಯಲ್ಲಿದ್ದ ನಿರಂಜನರು ಕಯ್ಯೂರಿನ ಘಟನೆಯನ್ನು ‘ಚಿರಸ್ಮರಣೆ’ ಕಾದಂಬರಿಯಾಗಿಸಿದರು. ಅದು 1955ರಲ್ಲಿ ಪ್ರಕಟವಾಗಿ ಮುಂದೆ ಮಲೆಯಾಳಕ್ಕೂ ಹೋಯಿತು. ಹುಡುಗನಾಗಿದ್ದಾಗ 1942ರ ಚಳವಳಿಯಲ್ಲಿ ಜೈಲು ಕಂಡಿದ್ದ ಶಾಂತವೇರಿ ಗೋಪಾಲಗೌಡರು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ನಿಂತರು. ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯಾಗಿ ಜಾರಿಗೆ ಬಂದಾಗ ಅದರ ಹಿಂದೆ ಈ ಇಡೀ ಪರಂಪರೆ ಇತ್ತು.

ಮರುವರ್ಷವೇ ಇನ್ನೊಂದು ಪರೀಕ್ಷೆ ಬಂತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಯಾಯಿತು. ಜಯಪ್ರಕಾಶರ ಚಳವಳಿ ಫ್ಯಾಸಿಸ್ಟ್ ಎಂದು ಸರ್ಕಾರ ಹೇಳಿತು, ಭಾರತ ಕಮ್ಯುನಿಸ್ಟ್ ಪಕ್ಷವೂ ಹೇಳಿತು. ಸರ್ಕಾರವೇ ಫ್ಯಾಸಿಸ್ಟ್ ಎಂದು ಸಮಾಜವಾದಿಗಳು ಹೇಳಿದರು. ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ ತುರ್ತುಪರಿಸ್ಥಿತಿಯನ್ನು ವಿರೋಧಿಸಿತು. ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಪದ ಸೇರಿದ್ದು 1976ರಲ್ಲಿ, ಅಂದರೆ ಸಮಾಜವಾದಿಗಳು ಜೈಲಿನಲ್ಲಿದ್ದ ಕಾಲದಲ್ಲಿ! ಭಾರತ ಕಮ್ಯುನಿಸ್ಟ್ ಪಕ್ಷ ತನ್ನ ಬೆಂಬಲ ತಪ್ಪಾಗಿತ್ತೆಂದು 1978ರಲ್ಲಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಳ್ಳುವುದೂ ದೊಡ್ಡದೇ. ಫ್ಯಾಸಿಸಂನಲ್ಲಿ ಆ ಮಾತಿಗೆ ಎಡೆಯೇ ಇಲ್ಲ.

ಈಸೂರಿನ ಐವರು ಕೊನೆಯುಸಿರೆಳೆದ ಬೆಂಗಳೂರು ಕೇಂದ್ರ ಕಾರಾಗೃಹ ಆಗ ಮತ್ತೆ ತುಂಬಿತು. ಸಮಾಜವಾದಿ ಮಧು ದಂಡವತೆ, ಜನಸಂಘದ ವಾಜಪೇಯಿ, ಅಡ್ವಾಣಿ ಅಲ್ಲಿದ್ದರು. ‘ಸಂಸ್ಕಾರ’ ಚಿತ್ರದ ನಟಿ, ಸಮಾಜವಾದಿಗಳ ಗೆಳತಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಂಚೆಪೆಟ್ಟಿಗೆಯ ದೊರೆಸ್ವಾಮಿ ಈಗ ನಡುವಯಸ್ಸು ದಾಟಿದ್ದರು. ಪ್ರಧಾನಿಗೆ ಪತ್ರ ಬರೆದು ಸರ್ವಾಧಿಕಾರ ಬೇಡವೆಂದದ್ದಕ್ಕೆ ಅವರಿಗೆ ಮತ್ತೆ ಜೈಲು. ಬ್ರಿಟಿಷರ ಕಾಲದಲ್ಲಿ ಹೋದವರೇ ಸ್ವತಂತ್ರ ಭಾರತದಲ್ಲೂ ಹೋದರು.

ಹಾಗಾದರೆ ಸಾಮಾನ್ಯ ಓದುಗ ಈ ವಾದಗಳನ್ನು ಅಳೆಯುವುದು ಹೇಗೆ? ಬಾವುಟದ ಬಣ್ಣ ನೋಡಿ ಅಲ್ಲ, ಪಕ್ಷದ ಹೆಸರು ನೋಡಿಯೂ ಅಲ್ಲ. ಸಂಕಟದ ಕಾಲ ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಇದರ ಭಾರ ಯಾರ ಹೆಗಲ ಮೇಲೆ ಬೀಳುತ್ತಿದೆ? ‘ಇಲ್ಲ’ ಎನ್ನುವವನಿಗೆ ಜಾಗ ಇದೆಯೇ? ತಪ್ಪಾಯಿತೆಂದು ಹೇಳುವ ಬಾಯಿ ಆ ವಾದಕ್ಕೆ ಇದೆಯೇ? ಮೂರಕ್ಕೂ ಸರಿಯಾದ ಉತ್ತರ ಕೊಡುವ ವಾದ ಸಿಗುವುದು ಕಷ್ಟ. ಮೂರಕ್ಕೂ ಉತ್ತರ ಕೊಡಲು ಒಪ್ಪದ ವಾದವನ್ನು ಗುರುತಿಸುವುದು ಕಷ್ಟವಲ್ಲ.

ಬೆಂಗಳೂರಿನ ಆ ಹಳೆಯ ಜೈಲು ಈಗ ಜೈಲಾಗಿ ಉಳಿದಿಲ್ಲ. 2008ರಲ್ಲಿ ಅದು ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು. ಜಿಲ್ಲೆ ಜಿಲ್ಲೆಗಳಿಂದ ರೈತರು, ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು ಬಂದು ಅಲ್ಲಿ ಧರಣಿ ಕೂರುತ್ತಾರೆ. ತಮ್ಮ ಬೇಡಿಕೆ ಬರೆದ ಫಲಕ ಹಿಡಿದು ಸರ್ಕಾರಕ್ಕೆ ‘ಇಲ್ಲ’ ಎನ್ನುತ್ತಾರೆ, ಸಂಜೆ ಬಸ್ಸು ಹಿಡಿದು ಊರಿಗೆ ಮರಳುತ್ತಾರೆ. ಈಸೂರಿನ ಐವರು ಅಲ್ಲಿಂದ ಊರಿಗೆ ಮರಳಲಿಲ್ಲ.